ಆಗಸ್ಟ್ 9: ರಜೆ ಕೊಡಿ, ಶಾಲೆಗೆ ಬೀಗ ಹಾಕಬೇಡಿ

ಗೆ,
ಪ್ರಧಾನ ಕಾರ್ಯದರ್ಶಿಗಳು,
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಇಲಾಖೆ, ಬೆಂಗಳೂರು

ಪ್ರತಿ: ಪರಿಶಿಷ್ಟ ಪಂಗಡಗಳ ಕಲ್ಯಾಣ ಇಲಾಖೆ, ಜಿಲ್ಲಾ ಉಪನಿರ್ದೇಶಕರು, ಕ್ಷೇತ್ರ ಶಿಕ್ಷಣಾಧಿಕಾರಿಗಳು, ಮುಖ್ಯ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು

ವಿಷಯ: ವಿಶ್ವ ಆದಿವಾಸಿ ದಿನವನ್ನು ರಜಾ ಪಟ್ಟಿಗೆ ಸೇರಿಸಿ ಶಾಲೆಗಳಲ್ಲಿ ಆಚರಿಸುವ ಬಗ್ಗೆ

ಮಾನ್ಯರೇ,

ಮುಂದಿನ ವರ್ಷದ ರಜಾ ಪಟ್ಟಿ ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಹೊರಬೀಳುತ್ತದೆ. ಅದು ಅಚ್ಚಾದ ಮೇಲೆ ಮನವಿ ಹಿಡಿದು ಬಂದವರಿಗೆ ‘ಬರುವ ವರ್ಷ ನೋಡೋಣ’ ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೇ ಪಟ್ಟಿ ಕರಡಿನಲ್ಲಿರುವಾಗಲೇ ಓದಿಕೊಳ್ಳಲಿ ಎಂದು ಈ ಪತ್ರ. ಆಗಸ್ಟ್ 9, ವಿಶ್ವ ಆದಿವಾಸಿ ದಿನ, ಆ ಪಟ್ಟಿಯಲ್ಲಿರಬೇಕು. ಇರುವುದಾದರೆ ಆಗಸ್ಟ್ 15 ಇದ್ದ ಹಾಗೆ ಇರಲಿ: ಕಚೇರಿಗಳಿಗೆ ರಜೆ, ಶಾಲೆಯ ಬಾಗಿಲು ತೆರೆದು ಮಕ್ಕಳು ಬರುವ ದಿನ.

ಬೀಗ ಹಾಕುವ ರಜೆ ಬೇಡ ಎನ್ನುವುದಕ್ಕೆ ಕಾರಣ ನಿಮಗೂ ಗೊತ್ತು. ಜಯಂತಿಯ ರಜೆ ಕಳೆದ ಮರುದಿನ ಏಳನೇ ತರಗತಿಯಲ್ಲಿ ‘ನಿನ್ನೆ ಯಾಕೆ ರಜೆ ಇತ್ತು?’ ಎಂದು ಕೇಳಿ ನೋಡಿ. ಅಜ್ಜಿ ಮನೆಗೆ ಹೋಗಿದ್ದು ನೆನಪಿರುತ್ತದೆ, ಯಾರ ಜಯಂತಿ ಎಂಬುದು ಇರುವುದಿಲ್ಲ. ಜೊತೆಗೆ ಲೆಕ್ಕದ ಮಾತೂ ಇದೆ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 1ರಿಂದ 5ನೇ ತರಗತಿಗೆ 200, 6ರಿಂದ 8ಕ್ಕೆ 220 ಶಾಲಾ ದಿನಗಳು ಆಗಲೇಬೇಕು. ಕೊಡಗು, ಮಲೆನಾಡು, ಕರಾವಳಿಯಲ್ಲಿ ಮಳೆಯ ರಜೆಗಳೇ ಆ ಲೆಕ್ಕವನ್ನು ಕಚ್ಚುತ್ತಿರುವಾಗ ಇನ್ನೊಂದು ದಿನ ಕಳೆಯುವುದನ್ನು ನಾವು ಕೇಳುವುದಿಲ್ಲ. ಶಾಲೆಗೆ ಅದು ಪಾಠದ ದಿನವೆಂದೇ ದಾಖಲಾಗಲಿ.

ದಿನದ ಹಿನ್ನೆಲೆ ಚಿಕ್ಕದು. 1982ರ ಆಗಸ್ಟ್ 9ರಂದು ವಿಶ್ವಸಂಸ್ಥೆಯಲ್ಲಿ ಮೂಲನಿವಾಸಿಗಳ ಕುರಿತ ಕಾರ್ಯತಂಡ ಮೊದಲ ಸಲ ಸೇರಿತು. 1994ರ ಡಿಸೆಂಬರ್‌ನಲ್ಲಿ ಮಹಾಸಭೆ ಆ ತಾರೀಕನ್ನು ಅವರ ದಿನವೆಂದು ಘೋಷಿಸಿತು. 2007ರ ಸೆಪ್ಟೆಂಬರ್ 13ರಂದು ಬಂದ ಹಕ್ಕುಗಳ ಘೋಷಣೆಗೆ ಭಾರತವೂ ಸೇರಿ 144 ದೇಶಗಳು ಪರವಾಗಿ ಮತ ಹಾಕಿದವು. ‘ನಮ್ಮಲ್ಲಿ ಎಲ್ಲರೂ ಮೂಲನಿವಾಸಿಗಳೇ’ ಎನ್ನುವುದು ದೆಹಲಿಯ ಹಳೆಯ ನಿಲುವು. ಅದರ ವಾದ ಅವರಿಗಿರಲಿ, ಬಿಳಿಗಿರಿರಂಗನ ಬೆಟ್ಟದಲ್ಲಿ ಪೋಡು ಎಂಬ ಕಾಡಿನ ಊರುಗಳಲ್ಲಿರುವ ಸೋಲಿಗ ಆದಿವಾಸಿಗಳ ಬಗ್ಗೆ ಕೊಳ್ಳೇಗಾಲದ ಮಗುವಿಗೆ ಪಾಠ ಹೇಳಲು ಅದು ಅಡ್ಡಿಯಲ್ಲ.

ಹೊರಗಿನ ಅನುಭವ ಒಂದನ್ನು ಮಾತ್ರ ಹೇಳುತ್ತೇವೆ. ಆ ಘೋಷಣೆಯನ್ನು ವಿರೋಧಿಸಿದ ನಾಲ್ಕು ದೇಶಗಳಲ್ಲಿ ಕೆನಡಾ ಒಂದು. ಅಲ್ಲಿ 2021ರಿಂದ ಸೆಪ್ಟೆಂಬರ್ 30 ರಾಷ್ಟ್ರಮಟ್ಟದ ರಜೆ, ವಸತಿ ಶಾಲೆಗಳಿಗೆ ಒಯ್ದು ಭಾಷೆ, ಬಟ್ಟೆ, ಹೆಸರು ಕಸಿದುಕೊಳ್ಳಲಾದ ಮೂಲನಿವಾಸಿ ಮಕ್ಕಳ ನೆನಪಿಗೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಅಂದು ಶಾಲೆ ಮುಚ್ಚಿರುತ್ತದೆ, ಹಾಗಾಗಿ ಪಾಠ ಹಿಂದಿನ ದಿನಗಳಲ್ಲೇ ಆಗಬೇಕು. ಒಂಟಾರಿಯೊದಲ್ಲಿ ಶಾಲೆ ತೆರೆದಿರುತ್ತದೆ, ಅಲ್ಲಿನ ಕನ್ನಡಿಗರ ಮಕ್ಕಳೂ ಅಂದು ಕಿತ್ತಳೆ ಬಣ್ಣದ ಅಂಗಿ ತೊಟ್ಟು ಹೋಗುತ್ತಾರೆ. 1973ರಲ್ಲಿ ಫಿಲಿಸ್ ವೆಬ್‌ಸ್ಟಾಡ್ ಎಂಬ ಆರು ವರ್ಷದ ಹುಡುಗಿ ಅಜ್ಜಿ ಕೊಡಿಸಿದ ಹೊಸ ಕಿತ್ತಳೆ ಅಂಗಿ ಹಾಕಿಕೊಂಡು ವಸತಿ ಶಾಲೆಗೆ ಹೋದಾಗ ಮೊದಲ ದಿನವೇ ಅದನ್ನು ಕಿತ್ತುಕೊಂಡರು. ಅಂಕಿಅಂಶದ ಭಾಷಣ ಹಿಡಿಸದ ಮಗುವಿಗೂ ಆ ಅಂಗಿ ಅರ್ಥವಾಗುತ್ತದೆ. ಒಂದು ತರಗತಿ, ಒಂದು ವಸ್ತು: ನಮ್ಮ ಆಚರಣೆಯೂ ಈ ಅಳತೆಯಲ್ಲಿರಲಿ.

‘ನವೆಂಬರ್ 15ರ ಜನಜಾತೀಯ ಗೌರವ ದಿವಸ ಇದೆಯಲ್ಲ’ ಎಂಬ ಮಾತು ಬರುತ್ತದೆ. ಇದೆ, ಇರಲಿ. 2021ರಲ್ಲಿ ಕೇಂದ್ರ ಘೋಷಿಸಿದ ಆ ದಿನ ಬಿರ್ಸಾ ಮುಂಡಾ ಹುಟ್ಟಿದ್ದು (1875). ಇಪ್ಪತ್ನಾಲ್ಕರ ಹರೆಯದಲ್ಲಿ ರಾಂಚಿ ಜೈಲಿನಲ್ಲಿ ತೀರಿಕೊಂಡ ಅವರನ್ನು ನಮ್ಮ ಮಕ್ಕಳು ಓದಲೇಬೇಕು. ಆದರೆ ನವೆಂಬರ್‌ನಲ್ಲಿ ರಾಜ್ಯೋತ್ಸವದ ಮೈಕು ಇಳಿಯುವ ಮುನ್ನ ಮಕ್ಕಳ ದಿನಾಚರಣೆ, ಅದರ ಮರುದಿನವೇ ಇದು. ಫೋಟೊಗೆ ಹಾರ ಹಾಕಿ ಮುಗಿಸುತ್ತಾರೆ. ಅಲ್ಲದೆ ಛೋಟಾನಾಗ್ಪುರದ ಚರಿತ್ರೆಯಿಂದ ಪಕ್ಕದ ಹಾಡಿಯ (ಆದಿವಾಸಿ ಊರಿನ) ಪರಿಚಯ ಆಗುವುದಿಲ್ಲ. ನವೆಂಬರ್ ಚರಿತ್ರೆಗಿರಲಿ, ಆಗಸ್ಟ್ ನೆರೆಹೊರೆಗಿರಲಿ.

ವಾಲ್ಮೀಕಿ ಜಯಂತಿಯೂ ಈ ಜಾಗ ತುಂಬುವುದಿಲ್ಲ. 2011ರ ಜನಗಣತಿಯಂತೆ ರಾಜ್ಯದಲ್ಲಿ ಪರಿಶಿಷ್ಟ ಪಂಗಡದವರು 42.48 ಲಕ್ಷ, ಜನಸಂಖ್ಯೆಯ ಶೇ 6.95. ಇದರಲ್ಲಿ ನಾಯಕ (ವಾಲ್ಮೀಕಿ) ಸಮುದಾಯದ್ದೇ ದೊಡ್ಡ ಪಾಲು. ಅದೇ ಮೊತ್ತದೊಳಗೆ ಜೇನುಕುರುಬರು 36 ಸಾವಿರದ ಆಸುಪಾಸು, ಕೊರಗರು 15 ಸಾವಿರಕ್ಕೂ ಕಡಿಮೆ. ಇವೆರಡೂ ರಾಜ್ಯದ ವಿಶೇಷ ದುರ್ಬಲ ಬುಡಕಟ್ಟುಗಳು. ಮೊತ್ತ ದೊಡ್ಡದಾದಷ್ಟೂ ಇವರು ಕಾಣುವುದಿಲ್ಲ.

ಇನ್ನು ಸುತ್ತೋಲೆಯ ವಿಚಾರ. ‘ಎಲ್ಲ ಶಾಲೆಗಳೂ ಅರ್ಥಪೂರ್ಣವಾಗಿ ಆಚರಿಸತಕ್ಕದ್ದು, ಫೋಟೊ ಅಪ್‌ಲೋಡ್ ಮಾಡತಕ್ಕದ್ದು’ ಎಂದು ಎರಡು ಸಾಲು ಬಂದರೆ ಏನಾಗುತ್ತದೆ ಎಂಬುದನ್ನು ಈಗಲೇ ಹೇಳಿಬಿಡಬಹುದು. ಹಿಂದಿನ ಸಂಜೆ ವಾಟ್ಸ್ಯಾಪ್ ಗುಂಪಿನಲ್ಲಿ ಸುತ್ತೋಲೆ ಬರುತ್ತದೆ. ಫ್ಯಾನ್ಸಿ ಡ್ರೆಸ್ ಬಾಡಿಗೆ ಅಂಗಡಿಯಿಂದ ಹಸಿರು ಪ್ಲಾಸ್ಟಿಕ್ ಎಲೆಯ ಲಂಗ, ತಲೆಗೆ ಗರಿ, ಕೈಗೆ ರಟ್ಟಿನ ಈಟಿ ಬರುತ್ತವೆ. ಮಕ್ಕಳ ಮುಖಕ್ಕೆ ಮಸಿ ಬಳಿಯುತ್ತಾರೆ. ಆ ಗರಿಯ ಕಿರೀಟ ಉತ್ತರ ಅಮೆರಿಕದ ಬಯಲುಸೀಮೆಯವರದ್ದು, ನಾಗರಹೊಳೆಗೂ ಅದಕ್ಕೂ ಸಂಬಂಧವೇ ಇಲ್ಲ. ಎಲೆಯ ಲಂಗ ಸಿನಿಮಾದ್ದು. ಭಾಷಣವನ್ನು ಮೊಬೈಲಿನಿಂದ ಇಳಿಸಿಕೊಂಡು ಓದುತ್ತಾರೆ. ಹನ್ನೊಂದಕ್ಕೆ ಸಿಹಿ ಹಂಚಿ ಕೈತೊಳೆದುಕೊಳ್ಳುತ್ತಾರೆ. ತಪ್ಪು ಶಿಕ್ಷಕರದ್ದು ಎನ್ನಲಾಗದು, ಏನು ಮಾಡಬೇಕೆಂದು ಯಾರೂ ಹೇಳಿರುವುದಿಲ್ಲ. ಆದ್ದರಿಂದ ಸುತ್ತೋಲೆ ಜೂನ್ ಮುಗಿಯುವುದರೊಳಗೆ ಬರಲಿ. ವೇಷ ಬೇಡ, ಮಸಿ ಬೇಡ, ‘ಕಾಡು ಜನ’ ಎಂಬ ಪದ ಬೇಡ ಎಂದು ಅದರಲ್ಲಿ ಬಿಡಿಸಿ ಬರೆದಿರಲಿ.

ಅದಕ್ಕಿಂತ ಮುಖ್ಯವಾದ ಇನ್ನೊಂದು ‘ಬೇಡ’ ಇದೆ. ತರಗತಿಯಲ್ಲಿರುವ ಆದಿವಾಸಿ ಮಗುವನ್ನು ಎಬ್ಬಿಸಿ ನಿಲ್ಲಿಸಿ ‘ನಿಮ್ಮ ಜಾತಿಯ ಹಾಡು ಹೇಳು’ ಎನ್ನಬಾರದು. ಶಿಕ್ಷಕರಿಗೆ ಅದು ಗೌರವ ಅನ್ನಿಸಬಹುದು. ಮಗುವಿಗೆ ಅದು ನಲವತ್ತು ಜೋಡಿ ಕಣ್ಣುಗಳ ಮುಂದೆ ಜಾತಿ ಹೇಳಿಕೊಂಡಂತೆ, ಮರುದಿನದಿಂದ ಅಡ್ಡಹೆಸರು ಖಾಯಂ. ತಾನಾಗಿ ಮುಂದೆ ಬಂದರೆ ಹೇಳಲಿ, ಬಾರದಿದ್ದರೆ ಕೇಳಬಾರದು.

ದಕ್ಷಿಣ ಕನ್ನಡ ಮತ್ತು ಉಡುಪಿಗೆ ಪ್ರತ್ಯೇಕ ಒಂದು ಸಾಲು ಬೇಕು. ‘ಆದಿವಾಸಿ ದಿನ, ಕೊರಗರ ಡೋಲಿನೊಂದಿಗೆ ಅತಿಥಿಗಳನ್ನು ಸ್ವಾಗತಿಸೋಣ’ ಎಂಬ ಯೋಚನೆ ಥಟ್ಟನೆ ಹೊಳೆಯುವಂಥದ್ದು. ಮುಖ್ಯ ಶಿಕ್ಷಕರು ಅಲ್ಲೇ ನಿಲ್ಲಬೇಕು. ರಾಜ್ಯ 2000ದಲ್ಲಿ ಅಜಲು ಪದ್ಧತಿ ನಿಷೇಧ ಕಾಯ್ದೆ ತಂದಿದ್ದು ಇಂಥ ರೂಢಿಗಳ ವಿರುದ್ಧವೇ. ಕೊರಗರಿಂದ ಸೇವೆ ಪಡೆದು ಕೂಲಿ ಕೊಡದಿರುವುದು ಅಥವಾ ಉಳಿದವರಿಗಿಂತ ಕಡಿಮೆ ಕೊಡುವುದು, ಕೂದಲು ಉಗುರು ಬೆರೆಸಿದ ಅನ್ನ ತಿನ್ನಿಸುವುದು, ಕಂಬಳಕ್ಕೆ ಮುಂಚೆ ಕೋಣಗಳಂತೆ ಓಡಿಸುವುದು, ಇವೆಲ್ಲ ಆ ಕಾಯ್ದೆಯ ವ್ಯಾಖ್ಯೆಯೊಳಗಿನ ಮಾತುಗಳು. ಡೋಲು ಬಾರಿಸಲು ಕರೆಯುವುದಾದರೆ ಕಲಾವಿದರೆಂದು ಕರೆಯಿರಿ, ವೇದಿಕೆಯ ಮೇಲೆ ಕುರ್ಚಿ ಹಾಕಿ, ಸಂಭಾವನೆಗೆ ರಸೀದಿ ಮಾಡಿ, ಬರಲು ಮನಸ್ಸಿಲ್ಲ ಎಂದರೆ ಅಲ್ಲಿಗೇ ಬಿಡಿ. ಆಗಸ್ಟ್ 18ರಂದು ಕೊರಗರು ತಮ್ಮದೇ ಭೂಮಿ ಹಬ್ಬ ಆಚರಿಸುತ್ತಾರೆ. ಈ ಎರಡು ಜಿಲ್ಲೆಗಳ ಶಾಲೆಗಳು 9ರಿಂದ 18ರವರೆಗೆ ಯಾವ ದಿನವನ್ನಾದರೂ ಆರಿಸಿಕೊಳ್ಳಲು ಅವಕಾಶವಿರಲಿ.

ಯಾರನ್ನು ಕರೆಯಬೇಕು, ಎಷ್ಟು ಕೊಡಬೇಕು? ರಾಜ್ಯದಲ್ಲಿ ಸರ್ಕಾರಿ ಶಾಲೆಗಳೇ 40 ಸಾವಿರಕ್ಕೂ ಹೆಚ್ಚು. ಎಲ್ಲವೂ ಹಿರಿಯರನ್ನು ಹುಡುಕಿಕೊಂಡು ಹೊರಟರೆ ಹಾಡಿಯ ಒಬ್ಬ ಅಜ್ಜಿಗೆ ಒಂದೇ ದಿನ ಹತ್ತು ಕಡೆಯಿಂದ ಜೀಪು ಬರುತ್ತದೆ. ಹಾಡಿ, ಪೋಡು, ಕೊಪ್ಪ ಎಂಬ ಆದಿವಾಸಿ ನೆಲೆಗಳಿರುವ ತಾಲ್ಲೂಕುಗಳಲ್ಲಿ ಕ್ಲಸ್ಟರ್‌ಗೆ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ) ಇಬ್ಬರು ಅತಿಥಿಗಳು ಸಾಕು, ಒಬ್ಬರಾದರೂ ಹೆಂಗಸರಿರಲಿ. ಅವರು ದಿನಕ್ಕೆ ಒಂದೇ ಶಾಲೆಗೆ ಹೋಗಲಿ, ಉಳಿದ ಶಾಲೆಗಳ ಸರದಿ ಆ ವಾರದಲ್ಲಿ ಬರಲಿ. ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಜುಲೈ ಕೊನೆಯೊಳಗೆ ಹಾಡಿಯ ಯಜಮಾನರನ್ನು ಕಂಡು ಮಾತಾಡಿರಬೇಕು, ಫೋನಿನಲ್ಲಿ ಮುಗಿಸುವ ಕೆಲಸ ಇದಲ್ಲ. ಬಳ್ಳಾರಿ, ಬೆಂಗಳೂರಿನ ಶಾಲೆಗಳಿಗೆ ಡಯಟ್‌ಗಳು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗಳು) 15 ನಿಮಿಷದ ಧ್ವನಿಮುದ್ರಣ ಮಾಡಿಸಿ ಕಳಿಸಲಿ, ಮಾತಾಡಿದವರ ಹೆಸರು ಮತ್ತು ಒಪ್ಪಿಗೆ ಸಮೇತ.

ಬಂದವರಿಗೆ ಶಾಲು, ಹಾರ, ಹಣ್ಣಿನ ಬುಟ್ಟಿ ಸಾಲದು. ಅಂದಿನ ಕೂಲಿ ಬಿಟ್ಟು ಬಂದಿರುತ್ತಾರೆ. ನರೇಗಾ ಕೂಲಿಯೇ 2025-26ರಲ್ಲಿ ದಿನಕ್ಕೆ 370 ರೂಪಾಯಿ ಇತ್ತು. ಒಬ್ಬರಿಗೆ 1,000 ರೂಪಾಯಿಯಂತೆ ಇಬ್ಬರಿಗೆ 2,000, ಆಟೊ ಅಥವಾ ಜೀಪಿಗೆ 600, ಸಾಮಗ್ರಿಗೆ 400, ಒಟ್ಟು 3,000 ರೂಪಾಯಿ ಒಂದು ಶಾಲೆಗೆ. ಹಣ ಅಂದೇ ಕೈಗೆ ಸಿಗಬೇಕು. ‘ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್ ಕೊಡಿ, ಬಿಲ್ ಪಾಸಾದ ಮೇಲೆ ಹಾಕುತ್ತೇವೆ’ ಎಂದು ಒಮ್ಮೆ ಹೇಳಿದರೆ ಮುಂದಿನ ವರ್ಷ ಯಾರೂ ಬರುವುದಿಲ್ಲ, ಬರಬಾರದು ಕೂಡ. ಹಣ ಮೊದಲೇ ಶಾಲೆಯ ಖಾತೆಗೆ ಬಂದಿದ್ದರೆ ಮಾತ್ರ ಇದು ಸಾಧ್ಯ.

ಪಾಠ ಹೇಗಿರಬೇಕು ಎಂಬುದಕ್ಕೆ ಜೇನಿನ ಪಾಠವನ್ನೇ ಉದಾಹರಣೆಯಾಗಿ ಹೇಳುತ್ತೇವೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ, ಕೊಡಗಿನ ಶಾಲೆಗಳಿಗೆ ಇದು ಹೇಳಿ ಮಾಡಿಸಿದಂತಿದೆ. (ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ 1995ರಲ್ಲಿ ಶುರುವಾಗಿದ್ದು ಕೋಟೆ ತಾಲ್ಲೂಕಿನಲ್ಲೇ, ಹೊಸದನ್ನು ಮಾಡಿ ನೋಡುವುದು ಆ ನೆಲಕ್ಕೆ ಹೊಸತಲ್ಲ.) 4 ಮತ್ತು 5ನೇ ತರಗತಿ, 30 ಮಕ್ಕಳಿಗಿಂತ ಹೆಚ್ಚು ಬೇಡ, 40 ನಿಮಿಷ. ಮಕ್ಕಳು ಸುತ್ತ ಕೂರಲಿ, ಅತಿಥಿಯೂ ಅವರ ಮಟ್ಟದಲ್ಲೇ ಕೂರಲಿ, ಮೈಕು ಬೇಡ. ಹಲಗೆಯ ಮೇಲೆ ನಾಲ್ಕು ಜೇನು: ಬಂಡೆಗೂ ಎತ್ತರದ ಕೊಂಬೆಗೂ ಒಂದೇ ದೊಡ್ಡ ತಟ್ಟೆ ಕಟ್ಟುವ ಹೆಜ್ಜೇನು, ಪೊಟರೆಯೊಳಗೆ ಸಾಲಾಗಿ ಹಲವು ತಟ್ಟೆ ಕಟ್ಟುವ, ಪೆಟ್ಟಿಗೆಯಲ್ಲೂ ಸಾಕಬಹುದಾದ ತುಡುವೆ, ಪೊದೆಯ ಕಡ್ಡಿಗೆ ಅಂಗೈಯಗಲ ಕಟ್ಟುವ ಕೋಲುಜೇನು, ಗೋಡೆಯ ಸಂದಿಯಲ್ಲಿರುವ, ಕುಟುಕದ ನಸರಿ. ಈ ಹೆಸರುಗಳು ಊರಿನಿಂದ ಊರಿಗೆ ಬೇರೆಯಾಗುತ್ತವೆ. ಅತಿಥಿ ತಮ್ಮ ನುಡಿಯಲ್ಲಿ ಹೇಳಿದ ಹೆಸರನ್ನು ಮೊದಲು ಬರೆದು, ಪುಸ್ತಕದ ಹೆಸರನ್ನು ಅದರ ಕೆಳಗೆ ಬರೆಯಿರಿ. ಈ ಕ್ರಮವೇ ಅರ್ಧ ಪಾಠ. ಒಂದನೇ ತರಗತಿಯಲ್ಲಿ ಜೇನುಕುರುಬ ಮಗುವಿನ ಮನೆಮಾತನ್ನು ತಪ್ಪೆಂದು ತಿದ್ದಿದ ಅದೇ ಹಲಗೆಯ ಮೇಲೆ ಅದೇ ಮಾತು ಮೊದಲ ಸಾಲಿಗೆ ಬರುತ್ತದೆ.

ರುಚಿ ನೋಡಲು ಮಗುವಿಗೆ ಅರ್ಧ ಟೀ ಚಮಚ ಸಾಕು. 30 ಮಕ್ಕಳಿಗೆ ಸುಮಾರು 105 ಗ್ರಾಂ ಆಗುತ್ತದೆ, 250 ಗ್ರಾಂ ಬಾಟಲಿ ತಂದರೆ ಎರಡು ತರಗತಿಗಾಗುತ್ತದೆ. ಆದಿವಾಸಿಗಳ ಸಹಕಾರ ಸಂಘವಾದ ಲ್ಯಾಂಪ್ಸ್ ಸೊಸೈಟಿಯಲ್ಲಿ ಬಿಲ್ ಮಾಡಿಸಿ ಕೊಳ್ಳಿ, ಅತಿಥಿಗೆ ‘ಬರುವಾಗ ಒಂದು ಬಾಟಲಿ ತನ್ನಿ’ ಎನ್ನಬೇಡಿ. ಹೆಜ್ಜೇನಿನ ತುಪ್ಪ ಅಂಗಡಿಯ ಜೇನಿಗಿಂತ ತೆಳ್ಳಗಿರುತ್ತದೆ, ನೀರಿನಂಶ ಹೆಚ್ಚು, ಮಳೆ ಹತ್ತಿರವಾದಾಗ ಕಿತ್ತದ್ದಾದರೆ ಇನ್ನೂ ಹೆಚ್ಚು. ‘ಇದಕ್ಕೆ ನೀರು ಬೆರೆಸಿದ್ದಾರೆ’ ಎಂದು ಯಾರಾದರೂ ಶಿಕ್ಷಕರು ನಕ್ಕರೆ ಅಲ್ಲಿಗೆ ಇಡೀ ದಿನ ಹಾಳು. ಜೀವಂತ ಗೂಡು, ಹೊಗೆ, ಪಂಜು ಶಾಲೆಯ ಅಂಗಳಕ್ಕೆ ಬರಬಾರದು. ಕಾಡಿನ ಗೆಡ್ಡೆ, ಕಣಿಲೆ (ಎಳೆ ಬಿದಿರು) ತರಿಸಿ ಬಿಸಿಯೂಟಕ್ಕೆ ಹಾಕುವ ಉತ್ಸಾಹವೂ ಬೇಡ. ಕಣಿಲೆಯನ್ನೂ ಕೆಲವು ಗೆಡ್ಡೆಗಳನ್ನೂ ನೆನೆಸಿ, ಬೇಯಿಸಿ, ನೀರು ಚೆಲ್ಲಿ ವಿಷ ಕಳೆಯಬೇಕು. ಅದು ಗೊತ್ತಿಲ್ಲದ ಅಡುಗೆಮನೆಯಲ್ಲಿ ನೂರು ಮಕ್ಕಳಿಗೆ ಪ್ರಯೋಗ ಮಾಡುವಂತಿಲ್ಲ. ರಾಗಿ ಮುದ್ದೆ, ಸೊಪ್ಪಿನ ಸಾರು ಮಾಡಿ, ಅತಿಥಿಗಳೂ ಮಕ್ಕಳ ಸಾಲಿನಲ್ಲೇ ಕೂತು ಉಣ್ಣಲಿ.

ಎಂಟು, ಒಂಬತ್ತನೇ ತರಗತಿಗೆ ವಿಜ್ಞಾನದ ಪಾಠ ಬೇಕೆಂದರೆ ಬಿಳಿಗಿರಿರಂಗನ ಬೆಟ್ಟದ ತರಗು ಬೆಂಕಿ ಇದೆ. ಬೇಸಿಗೆಯ ಆರಂಭದಲ್ಲಿ ಸೋಲಿಗರು ತರಗೆಲೆಗೆ ಬೆಂಕಿ ಕೊಡುತ್ತಿದ್ದರು. ಉರಿ ನೆಲದ ಮಟ್ಟದಲ್ಲೇ ಹರಿದು ಹೋಗುತ್ತಿತ್ತು. 1974ರಲ್ಲಿ ಅಭಯಾರಣ್ಯವಾದ ಮೇಲೆ ಬೆಂಕಿ ನಿಂತಿತು. ಲಂಟಾನ ಎಂಬ ಕಳೆ ಕಾಡಿನ ತಳವನ್ನೆಲ್ಲ ಆವರಿಸಿತು, ನೆಲ್ಲಿ ಮರಗಳ ಮೇಲೆ ಉಪ್ಪಿಲು ಎಂಬ ಬದನಿಕೆ (ಮರದ ರಸ ಹೀರಿ ಬೆಳೆಯುವ ಗಿಡ) ಹೆಚ್ಚಿತು. ಬೆಂಕಿ ನಿಂತಿದ್ದೇ ಇದಕ್ಕೆ ಕಾರಣ ಎನ್ನುತ್ತಾರೆ ಸೋಲಿಗರು, ಅದನ್ನು ಗಂಭೀರವಾಗಿ ಪರೀಕ್ಷಿಸಿದ ಸಂಶೋಧನೆಗಳೂ ಇವೆ. ಹಲಗೆಯಲ್ಲಿ ಎರಡು ಕಲಂ ಎಳೆದು, ಬೆಂಕಿಯಿಂದ ಏನು ಉಳಿಯುತ್ತದೆ, ಏನು ಸಾಯುತ್ತದೆ ಎಂದು ಮಕ್ಕಳಿಂದಲೇ ಬರೆಸಿ. ಈಗ ಕಾಡಿಗೆ ಬೆಂಕಿ ಹಚ್ಚುವುದು ಅಪರಾಧ ಎಂಬುದನ್ನೂ ಅದೇ ಉಸಿರಿನಲ್ಲಿ ಹೇಳಲೇಬೇಕು. ಅದೇ ಬೆಟ್ಟದಲ್ಲಿ ಸಿಕ್ಕ ಕಣಜದ ಹೊಸ ಕುಲವೊಂದಕ್ಕೆ 2022ರಲ್ಲಿ ವಿಜ್ಞಾನಿಗಳು ‘ಸೋಲಿಗ’ ಎಂದೇ ಹೆಸರಿಟ್ಟರು. ಮಕ್ಕಳಿಗೆ ಇದು ಇಷ್ಟವಾಗುತ್ತದೆ.

ಪ್ರೌಢಶಾಲೆಗಳಲ್ಲಿ ಅಣಕು ಸಂಸತ್ತು ಹೇಗೂ ಮಾಡಿಸುತ್ತೀರಿ, ಅಂದು ಅಣಕು ಗ್ರಾಮಸಭೆ ಮಾಡಿಸಿ. 2006ರ ಅರಣ್ಯ ಹಕ್ಕು ಕಾಯ್ದೆಯ ನಿಯಮಗಳೇ ಆಟದ ನಿಯಮ. 40 ಮಕ್ಕಳ ‘ಊರಿ’ನಲ್ಲಿ ಕನಿಷ್ಠ 20 ಮಂದಿ ಸೇರಬೇಕು, ಸೇರಿದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು. 10ರಿಂದ 15 ಜನರ ಅರಣ್ಯ ಹಕ್ಕು ಸಮಿತಿ ಆರಿಸಿ. ಒಬ್ಬ ಹುಡುಗಿ ಅರ್ಜಿ ಹಾಕಲಿ. 2005ರ ಡಿಸೆಂಬರ್ 13ಕ್ಕೆ ಮುಂಚಿನಿಂದ ಆ ನೆಲದಲ್ಲಿದ್ದುದಕ್ಕೆ ಸಾಕ್ಷಿ ಎಲ್ಲಿ ಎಂದು ‘ಅಧಿಕಾರಿ’ ಕೇಳಲಿ. ಕಾಗದ ಇಲ್ಲದಿದ್ದರೆ ಊರ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷಿ ಎಂದು ನಿಯಮವೇ ಹೇಳುತ್ತದೆ. ಮಕ್ಕಳು ಇದನ್ನು ಪುಸ್ತಕದಲ್ಲಿ ಹುಡುಕಿ ತೋರಿಸಲಿ. 2011ರಲ್ಲಿ ಹುಲಿ ರಕ್ಷಿತಾರಣ್ಯದೊಳಗಿನ ಸೋಲಿಗರ ಪೋಡುಗಳಿಗೆ ಸಮುದಾಯ ಹಕ್ಕು ಸಿಕ್ಕಿದ್ದು ಇದೇ ದಾರಿಯಲ್ಲಿ. ಹತ್ತನೇ ತರಗತಿಯವರಿಗೆ ಹೈಕೋರ್ಟ್ ನೇಮಿಸಿದ್ದ ಮುಜಾಫರ್ ಅಸ್ಸಾದಿ ಸಮಿತಿ ಲೆಕ್ಕ ಹಾಕಿದ, ನಾಗರಹೊಳೆ ಸುತ್ತಿನ ಕಾಡುಗಳಿಂದ ಹೊರಬಿದ್ದ 3,418 ಕುಟುಂಬಗಳ ವಿಷಯವನ್ನೂ ಹೇಳಬಹುದು. ಆ ಮಕ್ಕಳು ದೊಡ್ಡವರು, ತಡೆದುಕೊಳ್ಳುತ್ತಾರೆ.

ಕೊನೆಯದಾಗಿ ಅಂದು ಕಚೇರಿ ಕೋಣೆಯಲ್ಲಿ ಸದ್ದಿಲ್ಲದೆ ಆಗಬೇಕಾದ ಒಂದು ಕೆಲಸ. ಪಾಲಕರು ಬಂದಿರುತ್ತಾರೆ, ಒಬ್ಬೊಬ್ಬರನ್ನೇ ಒಳಗೆ ಕರೆದು ದಾಖಲಾತಿ ಪುಸ್ತಕ ಮತ್ತು ಸ್ಯಾಟ್ಸ್‌ನಲ್ಲಿ (ಇಲಾಖೆಯ ಆನ್‌ಲೈನ್ ವಿದ್ಯಾರ್ಥಿ ದಾಖಲೆ) ಮಗುವಿನ ಜಾತಿಯ ನಮೂದನ್ನು ತೋರಿಸಿ. ಅವಸರದಲ್ಲಿ ‘ಜೇನು’ ಬಿಟ್ಟು ‘ಕುರುಬ’ ಎಂದಷ್ಟೇ ಬರೆದರೆ ಕೊಡಗು ಬಿಟ್ಟು ಉಳಿದೆಡೆ ಮಗು ಪರಿಶಿಷ್ಟ ಪಂಗಡದಿಂದ ಹಿಂದುಳಿದ ವರ್ಗಕ್ಕೆ ಜಾರುತ್ತದೆ, ವಿದ್ಯಾರ್ಥಿವೇತನ ನಿಲ್ಲುತ್ತದೆ. ‘ಗೌಡಲು’ ಎಂಬುದು ‘ಗೌಡ’ ಆಗಿಬಿಟ್ಟರೂ ಅದೇ ಕತೆ. ಮಲೆಕುಡಿಯರ ಹೆಸರು ಅಧಿಕೃತ ಪಟ್ಟಿಯಲ್ಲಿ ‘ಮಲೈಕುಡಿ’ ಎಂದಿದೆ. ‘ಬೆಟ್ಟ ಕುರುಬ’ ಎಂಬ ಹೆಸರನ್ನು ‘ಕಾಡು ಕುರುಬ’ರ ಪರ್ಯಾಯವಾಗಿ ಸೇರಿಸುವ ತಿದ್ದುಪಡಿಗೆ ಸಂಸತ್ತು ಒಪ್ಪಿದ್ದು 2022ರ ಡಿಸೆಂಬರ್‌ನಲ್ಲಷ್ಟೇ, ಅದಕ್ಕೆ ಮುಂಚೆ ದಾಖಲಾದ ಮಕ್ಕಳ ಕಡತಗಳನ್ನು ಮತ್ತೆ ತೆಗೆದು ನೋಡಬೇಕು. ತಪ್ಪು ಒಮ್ಮೆ ವರ್ಗಾವಣೆ ಪತ್ರಕ್ಕೆ ಇಳಿದರೆ ಮುಂದಿನ ಶಾಲೆ ಅದನ್ನೇ ನಕಲು ಮಾಡುತ್ತದೆ. ಆಶ್ರಮ ಶಾಲೆ ಮುಗಿಸಿ ದೂರದ ಹಾಸ್ಟೆಲಿಗೆ ಹೋದ ಮಗುವಿನ ತಂದೆ ತಾಯಿ ಅದನ್ನು ಸರಿಪಡಿಸಲು ಎಷ್ಟು ದಿನದ ಕೂಲಿ ಕಳೆದುಕೊಳ್ಳಬೇಕು ಎಂಬುದನ್ನು ಕಚೇರಿಯಲ್ಲಿ ಯಾರೂ ಲೆಕ್ಕ ಇಡುವುದಿಲ್ಲ.

ತಾರೀಕಿನ ಬಗ್ಗೆ ಎರಡು ಮಾತು. ಮಳೆಗೆ ಜಿಲ್ಲಾಧಿಕಾರಿ ರಜೆ ಕೊಟ್ಟರೆ ಆಗಸ್ಟ್ ಮುಗಿಯುವುದರೊಳಗಿನ ಒಂದು ದಿನಕ್ಕೆ, ಬೇಕಾದರೆ ಪುಸ್ತಕದ ಚೀಲವಿಲ್ಲದೆ ಬರುವ ಮೂರನೇ ವಾರದ ಸಂಭ್ರಮ ಶನಿವಾರಕ್ಕೆ, ಮುಂದೂಡಲು ಮುಖ್ಯ ಶಿಕ್ಷಕರಿಗೇ ಅಧಿಕಾರವಿರಲಿ. ಆಗಸ್ಟ್ 9 ಭಾನುವಾರ ಬಿದ್ದ ವರ್ಷ, 2026ರಲ್ಲಿ ಬೀಳುವ ಹಾಗೆ, ಹಿಂದಿನ ಶನಿವಾರವೇ ಆಚರಿಸಲಿ. 2027ರಲ್ಲಿ ಅದು ಸೋಮವಾರ, 2028ರಲ್ಲಿ ಬುಧವಾರ. ರಜಾ ಪಟ್ಟಿಗೆ ಈಗಲೇ ಸೇರಿಸಲು ಹಣಕಾಸು ಅಥವಾ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆ ತಡೆ ಹಾಕಿದರೆ, ಮೊದಲ ವರ್ಷ ಅದನ್ನು ನೌಕರರಿಗೆ ಪರಿಮಿತ ರಜೆಯಾಗಿ (ಬೇಕಾದವರು ಮಾತ್ರ ಪಡೆಯುವ ರಜೆ) ಇಟ್ಟು ಶಾಲೆಯ ಆಚರಣೆಯನ್ನು ಶುರು ಮಾಡಿಬಿಡಿ. ಅದಕ್ಕೆ ನಿಮ್ಮ ಇಲಾಖೆಯ ಒಂದು ಸುತ್ತೋಲೆ ಸಾಕು. ಅದರ ಕರಡನ್ನು ಒಂದೇ ಪುಟದಲ್ಲಿ ಬರೆದು ಈ ಪತ್ರದೊಂದಿಗೆ ಲಗತ್ತಿಸಿದ್ದೇವೆ.

ಇಂತಿ,
ಹಾಡಿ, ಪೋಡು, ಕೊಪ್ಪಗಳ ಪಕ್ಕದ ಶಾಲೆಗಳಲ್ಲಿ ಪಾಠ ಮಾಡುವ ಕೆಲವು ಶಿಕ್ಷಕರು